ಹೆಸರು ಮರೆಸುವುದು ಬೇರೆ, ಹೆಸರು ಕದಿಯುವುದು ಬೇರೆ

2019ರ ಡಿಸೆಂಬರ್ ತಿಂಗಳು. ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ಕುಂದಾಪುರ ಕಡೆಯ ಒಬ್ಬರನ್ನು ಅಲ್ಲಿನ ಪೊಲೀಸರು ಬಂಧಿಸಿದರು. ಮಕ್ಕಾದ ಬಗ್ಗೆ, ಸೌದಿ ಯುವರಾಜರ ಬಗ್ಗೆ ಫೇಸ್‌ಬುಕ್‌ನಲ್ಲಿ ಕೆಟ್ಟದಾಗಿ ಬರೆದರು ಅನ್ನೋದು ಆರೋಪ. ಪೋಸ್ಟ್ ಇದ್ದದ್ದು ಅವರದೇ ಹೆಸರಿನಲ್ಲಿ. ಆ ಖಾತೆ ತನ್ನ ಗಂಡನದ್ದಲ್ಲ, ಬೇರೆ ಯಾರೋ ಅವರ ಹೆಸರಲ್ಲಿ ತೆರೆದದ್ದು ಎಂದು ಊರಲ್ಲಿದ್ದ ಪತ್ನಿ ಪೊಲೀಸರಿಗೆ ದೂರು ಕೊಟ್ಟರು. ತನಿಖೆ ನಡೆಸಿದ ಉಡುಪಿ ಪೊಲೀಸರು ನಕಲಿ ಖಾತೆ ತೆರೆದ ಆರೋಪದಲ್ಲಿ 2020ರ ಅಕ್ಟೋಬರ್‌ನಲ್ಲಿ ಮೂಡುಬಿದಿರೆಯ ಇಬ್ಬರು ಸಹೋದರರನ್ನು ಬಂಧಿಸಿದರು. ಸೌದಿ ಜೈಲಿನಲ್ಲಿದ್ದವರು ಬಿಡುಗಡೆಯಾಗಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿಯುವಾಗ 2021ರ ಆಗಸ್ಟ್ ಆಗಿತ್ತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವರು ತಾವು ಬರೆಯದ ಮಾತಿಗೆ ಜೈಲಿನಲ್ಲಿದ್ದರು.

ಬಂಧಿತರಾದ ಸಹೋದರರು ನಮ್ಮ ಸಮುದಾಯದವರು. ಆರೋಪ ಸಾಬೀತಾಗುವುದು, ಬಿಡುವುದು ಕೋರ್ಟಿನ ವಿಷಯ. ಆದರೆ ಈ ಸುದ್ದಿಯನ್ನು ನಾವು ಬೇರೆ ಯಾರದ್ದೋ ಮನೆಯ ಸುದ್ದಿ ಎಂದು ಓದಿ ಪತ್ರಿಕೆ ಮಡಚಿಡುವ ಹಾಗಿಲ್ಲ. ಕರಾವಳಿಯ ನೂರಾರು ಮನೆಗಳ ಒಲೆ ಉರಿಯುವುದು ಗಲ್ಫ್‌ನ ದುಡಿಮೆಯಿಂದ. ಹಿಂದೂ ಇರಲಿ, ಮುಸ್ಲಿಂ ಇರಲಿ, ಕ್ರೈಸ್ತ ಇರಲಿ, ಆ ಊರಿನಲ್ಲಿ ಎಲ್ಲರೂ ದುಡಿಯಲು ಹೋದವರೇ. ಇಲ್ಲಿ ಕುಳಿತು ಯಾರೋ ಹತ್ತು ನಿಮಿಷದಲ್ಲಿ ತೆರೆದ ಖಾತೆ, ಅಲ್ಲಿ ಒಬ್ಬರ ಬದುಕನ್ನೇ ಮುರಿಯಬಲ್ಲದು.

ಇದೊಂದೇ ಅಲ್ಲ. ಸೌದಿಯಲ್ಲೇ ಬಹಳ ವರ್ಷ ದುಡಿದಿದ್ದ ಮಂಗಳೂರಿನ ಇನ್ನೊಬ್ಬರಿಗೆ ಇಂಥದೇ ಫೇಸ್‌ಬುಕ್ ಪೋಸ್ಟ್ ವಿಷಯದಲ್ಲಿ ಹದಿನೈದು ವರ್ಷ ಜೈಲು ಶಿಕ್ಷೆಯಾಯಿತು. ಅದೂ ನಕಲಿ ಖಾತೆಯದ್ದೇ ಕೆಲಸ ಎಂದು ಅವರ ಪತ್ನಿ ಕರ್ನಾಟಕ ಹೈಕೋರ್ಟ್‌ಗೆ ಹೋದರು. ಪೊಲೀಸರ ತನಿಖೆಗೆ ಫೇಸ್‌ಬುಕ್ ಸಹಕರಿಸುತ್ತಿಲ್ಲ ಎಂಬ ಮಾತು ಕೇಳಿದ ಹೈಕೋರ್ಟ್ 2023ರ ಜೂನ್‌ನಲ್ಲಿ, ಹೀಗೇ ಆದರೆ ಇಡೀ ದೇಶದಲ್ಲಿ ನಿಮ್ಮ ಚಟುವಟಿಕೆ ನಿಲ್ಲಿಸಲು ಆದೇಶ ಕೊಡಬೇಕಾದೀತು ಎಂದು ಕಂಪೆನಿಯನ್ನು ಎಚ್ಚರಿಸಿತ್ತು.

ನಮ್ಮ ಹೆಣ್ಣುಮಕ್ಕಳಿಗೆ ಆದದ್ದು

ಇದೇ ಕಳ್ಳತನ ತಿರುಗಿ ನಮ್ಮ ಮೇಲೆ ಬಿದ್ದದ್ದೂ ಉಂಟು. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿ ಮೊದಲ ದಿನ ‘ಬುಲ್ಲಿ ಬಾಯಿ’. ಪತ್ರಕರ್ತೆಯರು, ವಕೀಲೆಯರು, ವಿದ್ಯಾರ್ಥಿನಿಯರು, ಹೋರಾಟಗಾರ್ತಿಯರು ಸೇರಿ ದೇಶದ ಹಲವಾರು ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಅವರ ಖಾತೆಗಳಿಂದಲೇ ಎತ್ತಿ, ‘ಹರಾಜಿಗಿದೆ’ ಎನ್ನುವ ಹಾಗೆ ಆ್ಯಪ್‌ನಲ್ಲಿ ಹಾಕಿದರು. ನಿಜವಾಗಿ ಹರಾಜೇನೂ ಇರಲಿಲ್ಲ. ಮಾತಾಡುವ ಹೆಣ್ಣುಮಕ್ಕಳನ್ನು ಅವಮಾನಿಸಿ ಬಾಯಿ ಮುಚ್ಚಿಸುವುದೇ ಉದ್ದೇಶ. ಆ ಮಹಿಳೆಯರಲ್ಲಿ ಕೆಲವರು ಖಾತೆ ಮುಚ್ಚಿದರು. ಇನ್ನು ಕೆಲವರು ಹೆದರದೆ ಹೆಸರು ಹೇಳಿಯೇ ದೂರು ಕೊಟ್ಟರು.

ಬುಲ್ಲಿ ಬಾಯಿ ಪ್ರಕರಣದಲ್ಲಿ ಮುಂಬೈ ಪೊಲೀಸರು ಹಿಡಿದವರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೂ ಇದ್ದ. ಇನ್ನೊಂದು ವಿಷಯವನ್ನೂ ಪೊಲೀಸರು ಹೇಳಿದರು. ಆ್ಯಪ್ ಪ್ರಚಾರಕ್ಕೆ ಬಳಸಿದ ಕೆಲವು ಖಾತೆಗಳಿಗೆ ಸಿಖ್ ಸಮುದಾಯದ ಹೆಸರುಗಳನ್ನು ಇಟ್ಟಿದ್ದರಂತೆ. ಬಯ್ಯುವುದು ಒಬ್ಬರನ್ನು, ಅಪವಾದ ಹೊರಿಸುವುದು ಇನ್ನೊಬ್ಬರ ಮೇಲೆ.

ಕುಂದಾಪುರದ ಪ್ರಕರಣ, ಬುಲ್ಲಿ ಬಾಯಿ ಪ್ರಕರಣ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಸಮುದಾಯ ಬೇರೆ, ಊರು ಬೇರೆ. ಮಾಡಿದ ಕೆಲಸ ಒಂದೇ. ಇನ್ನೊಬ್ಬರ ಹೆಸರು, ಇನ್ನೊಬ್ಬರ ಮುಖ ಕದ್ದು ಕೆಸರೆರಚುವುದು. ಒಂದನ್ನು ಖಂಡಿಸಿ ಇನ್ನೊಂದಕ್ಕೆ ಸುಮ್ಮನಿದ್ದರೆ ನಮ್ಮ ಖಂಡನೆಗೆ ಬೆಲೆ ಇರುವುದಿಲ್ಲ.

ಎಲ್ಲರಿಗೂ ಆಧಾರ್ ಕಡ್ಡಾಯ ಮಾಡಿದರೆ?

ಇಂಥ ಸುದ್ದಿ ಬಂದಾಗೆಲ್ಲ ಜನ ಕೇಳುವ ಪ್ರಶ್ನೆ ಒಂದೇ. ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಮಿಗೂ ಆಧಾರ್ ಜೋಡಿಸಿ ಬಿಟ್ಟರೆ ಆಯಿತಲ್ಲ? ಹೆಸರು ಗೊತ್ತಿದ್ದರೆ ಯಾರು ತಾನೇ ಕೆಟ್ಟದ್ದು ಬರೀತಾರೆ? 2018ರಲ್ಲಿ ಇದೇ ಬೇಡಿಕೆ ಇಟ್ಟು ಮದ್ರಾಸ್ ಹೈಕೋರ್ಟ್‌ಗೆ ಅರ್ಜಿಯೂ ಹೋಗಿತ್ತು.

ಕೇಳಲು ಸರಿ ಎನಿಸುತ್ತದೆ. ಆದರೆ ಇದನ್ನು ಮಾಡಿ ನೋಡಿದ ದೇಶ ಒಂದಿದೆ, ದಕ್ಷಿಣ ಕೊರಿಯಾ. 2007ರಲ್ಲಿ ಅಲ್ಲಿ, ಹೆಚ್ಚು ಜನ ಬಳಸುವ ಜಾಲತಾಣಗಳಲ್ಲಿ ಬರೆಯಬೇಕಾದರೆ ಗುರುತು ಸಾಬೀತುಪಡಿಸಲೇಬೇಕು ಎಂಬ ಕಾನೂನು ಬಂತು. 2011ರಲ್ಲಿ ಏನಾಯಿತೆಂದರೆ, ಅಲ್ಲಿನ ದೊಡ್ಡ ಕಂಪೆನಿಯೊಂದರ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿದವರು ಸುಮಾರು ಮೂರೂವರೆ ಕೋಟಿ ಬಳಕೆದಾರರ ಮಾಹಿತಿ ಹೊತ್ತೊಯ್ದರು. ಇಡೀ ದೇಶದ ಜನಸಂಖ್ಯೆಯೇ ಐದು ಕೋಟಿ. ಮರುವರ್ಷ, 2012ರ ಆಗಸ್ಟ್‌ನಲ್ಲಿ, ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಒಮ್ಮತದಿಂದ ರದ್ದು ಮಾಡಿತು. ಜನರ ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿಯಾಯಿತೇ ಹೊರತು ಹೇಳಿಕೊಳ್ಳುವಷ್ಟು ಲಾಭವಾಗಲಿಲ್ಲ ಎಂಬುದು ತೀರ್ಪಿನ ಸಾರ.

ನಮ್ಮ ಹೆಸರು, ವಿಳಾಸ, ಗುರುತಿನ ಸಂಖ್ಯೆ ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕಿದರೆ, ಕಳ್ಳನಿಗೆ ಮನೆ ಮನೆ ಅಲೆಯುವ ಕೆಲಸ ಉಳಿಯುತ್ತದೆ. ಒಂದೇ ಬೀಗ ಮುರಿದರೆ ಸಾಕು.

ಹೆಸರು ಮರೆಸುವವರೆಲ್ಲ ಕಳ್ಳರಲ್ಲ

ಹೆಸರು ಹೇಳದೆ ಮಾತಾಡುವವರು ಯಾರು ಎಂದು ಸ್ವಲ್ಪ ಯೋಚಿಸಿ. ಗಂಡನ ಮನೆಯಲ್ಲಿ ಹೊಡೆತ ತಿಂದು, ಯಾರಲ್ಲಿ ಹೇಳಲಿ ಎಂದು ಗೊತ್ತಾಗದ ಹುಡುಗಿ. ತನಗಿರುವ ಕಾಯಿಲೆಯ ಬಗ್ಗೆ ಊರಿಗೆ ತಿಳಿಯದ ಹಾಗೆ ಕೇಳಬೇಕೆನ್ನುವವರು. ಮೂರು ತಿಂಗಳಿಂದ ಸಂಬಳ ಕೊಡದ ಕಫೀಲ್ ಬಗ್ಗೆ ದೂರಬೇಕು, ಆದರೆ ಹೆಸರು ಹೊರಬಿದ್ದರೆ ವೀಸಾ ಹೋದೀತು ಎಂದು ಹೆದರುವ ಗಲ್ಫ್ ಕೆಲಸಗಾರ. ತನ್ನ ಸಂಸ್ಥೆಯಲ್ಲಿ ಲೆಕ್ಕ ಸರಿ ಇಲ್ಲ ಎಂದು ಗೊತ್ತಿದ್ದೂ ಕೆಲಸ ಕಳೆದುಕೊಳ್ಳಲಾಗದ ಗುಮಾಸ್ತ. ಇವರು ಯಾರ ಹೆಸರನ್ನೂ ಕದ್ದವರಲ್ಲ. ತಮ್ಮ ಹೆಸರನ್ನು ಮರೆಸಿಟ್ಟವರು, ಅಷ್ಟೆ.

ಹೆಸರು ಹಾಕಿಯೇ ಬರೆಯುವ ಧೈರ್ಯ ದೊಡ್ಡದು. ನಮ್ಮ ಕರಾವಳಿಯ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ತಮ್ಮ ಹೆಸರಲ್ಲೇ ಬರೆದರು, ಬಂದ ವಿರೋಧವನ್ನೂ ಎದುರಿಸಿದರು. ಆದರೆ ಎಲ್ಲರಿಂದಲೂ ಆ ಧೈರ್ಯ ಕೇಳುವುದು ನ್ಯಾಯವಲ್ಲ. ನಮ್ಮ ಕಾನೂನೇ ಇದನ್ನು ಒಪ್ಪುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಪ್ರಕಟಿಸುವುದು ಅಪರಾಧ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ಅಶ್ಲೀಲ ಚಿತ್ರಗಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಲು ಅವಕಾಶ ಇಟ್ಟಿದ್ದಾರೆ.

ಹೆಸರು ಹಾಕಿ ಬರೆದವರಿಗೆ ಏನಾಗಬಹುದು ಎಂಬುದಕ್ಕೆ 2012ರ ಪಾಲ್ಘರ್ ಪ್ರಕರಣ ನೆನಪಿರಬಹುದು. ಶಿವಸೇನೆಯ ನಾಯಕ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಗೆಳತಿ ಅದಕ್ಕೆ ‘ಲೈಕ್’ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಬಗ್ಗೆ ದೇಶವಿಡೀ ಚರ್ಚೆಯಾದದ್ದು ಆಮೇಲೆ. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟ್‌ಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟ್ ಆ ಸೆಕ್ಷನನ್ನೇ ರದ್ದು ಮಾಡಿತು.

ಖಾಸಗಿತನದ ತೀರ್ಪಿಗೂ ಕರ್ನಾಟಕಕ್ಕೂ ನೇರ ನಂಟು. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಖಾಸಗಿತನ ಅಂದರೆ ತಪ್ಪು ಮುಚ್ಚಿಡುವುದಲ್ಲ. ಸಲಾಂ ಹೇಳಿ, ಒಳಗಿಂದ ಉತ್ತರ ಬಂದ ಮೇಲೆ ಹೊಸ್ತಿಲು ದಾಟುವ ಪದ್ಧತಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳ್ಳತನಕ್ಕೆ ಕಾನೂನು ಇದೆ

ಹಾಗಾದರೆ ನಕಲಿ ಖಾತೆಯವರನ್ನು ಬಿಟ್ಟುಬಿಡುವುದೇ? ಖಂಡಿತ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಇನ್ನೊಬ್ಬರ ಪಾಸ್‌ವರ್ಡ್, ಗುರುತು ಕದ್ದು ಬಳಸುವುದಕ್ಕೆ. 66ಡಿ ಇನ್ನೊಬ್ಬರ ಸೋಗು ಹಾಕಿ ವಂಚಿಸುವುದಕ್ಕೆ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೂ ಹಂಚಿದರೂ 66ಇ ಪ್ರಕಾರ ಅಪರಾಧ. 2021ರಲ್ಲಿ ಬಂದ ನಿಯಮಗಳಲ್ಲಿ ಇನ್ನೊಂದು ಅನುಕೂಲ ಇದೆ. ನಮ್ಮ ಹೆಸರಲ್ಲಿ ನಕಲಿ ಖಾತೆ ಇದೆ ಅಥವಾ ನಮ್ಮ ಫೋಟೋ ತಿರುಚಿ ಹಾಕಿದ್ದಾರೆ ಎಂದು ದೂರಿದರೆ, 24 ಗಂಟೆಯೊಳಗೆ ಕಂಪೆನಿ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕು ಎಂದು ಆ ನಿಯಮ ಹೇಳಿತು.

ಹೆಸರಿಲ್ಲದ ಖಾತೆಯವನು ಎಂದಿಗೂ ಸಿಗುವುದಿಲ್ಲ ಎಂಬುದೂ ತಪ್ಪು ಕಲ್ಪನೆ. ಫೋನ್ ಇಂಟರ್ನೆಟ್‌ಗೆ ಸೇರಿದ ಕೂಡಲೇ ಅದಕ್ಕೊಂದು ವಿಳಾಸ ಸಿಗುತ್ತದೆ, ಅದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಯಾವ ಐಪಿಯಿಂದ, ಯಾವ ಹೊತ್ತಿಗೆ ಖಾತೆಗೆ ಲಾಗಿನ್ ಆಗಿದೆ ಎಂಬ ದಾಖಲೆ ಕಂಪೆನಿ ಬಳಿ ಇರುತ್ತದೆ. ಆ ಹೊತ್ತಿಗೆ ಆ ಐಪಿ ಯಾರ ಸಿಮ್ಮಿಗೆ ಕೊಟ್ಟದ್ದು ಎಂಬುದು ಮೊಬೈಲ್ ಸೇವೆ ಕೊಡುವವರ ಬಳಿ ಇರುತ್ತದೆ. ಪೊಲೀಸರು ಎರಡನ್ನೂ ಜೋಡಿಸಿ ಮನೆ ಬಾಗಿಲಿಗೆ ಬರುತ್ತಾರೆ. ಅಂದರೆ ಅಪರಾಧಿಯನ್ನು ಹಿಡಿಯಲು ನೂರು ಮಂದಿಯ ಮುಸುಕು ತೆಗೆಸಬೇಕಾಗಿಲ್ಲ. ನಿಧಾನಿಸದ ತನಿಖೆ ಬೇಕು, ಕೇಳಿದ ದಾಖಲೆಯನ್ನು ತಡಮಾಡದೆ ಕೊಡುವ ಕಂಪೆನಿ ಬೇಕು. ಜೈಲಿನಲ್ಲಿ ಕಳೆದ ಆ ತಿಂಗಳುಗಳ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆ ಇದೇ.

ಮನೆಯಲ್ಲಿ ಆಗಬೇಕಾದದ್ದು

ಕಾನೂನು ಬರುವುದು ಆದ ಮೇಲೆ. ಅದಕ್ಕೆ ಮೊದಲು ಮನೆಯಲ್ಲಿ ಆಗುವ ಕೆಲಸ ಕೆಲವಿದೆ.

ವಾಟ್ಸ್‌ಆ್ಯಪ್ ಮೆಸೇಜನ್ನು ದಾರಿಯಲ್ಲಿ ಬೇರೆ ಯಾರೂ ಓದುವ ಹಾಗಿಲ್ಲ, ನಿಜ. 2016ರಿಂದ ಆ ವ್ಯವಸ್ಥೆ ಇದೆ. ಆದರೆ ಗ್ರೂಪಿನಲ್ಲಿರುವ ಇನ್ನೂರು ಮಂದಿಯಲ್ಲಿ ಒಬ್ಬ ಸ್ಕ್ರೀನ್‌ಶಾಟ್ ತೆಗೆದರೆ ಆ ಬೀಗ ಯಾವ ಲೆಕ್ಕ? ಮದುವೆ ಮನೆಯ, ಮದರಂಗಿಯ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವ ಮೊದಲು ಅದರಲ್ಲಿರುವವರನ್ನು ಒಂದು ಮಾತು ಕೇಳಿ. ಉಮ್ಮ ಒಪ್ಪಿದರು ಎಂದ ಮಾತ್ರಕ್ಕೆ ಮಗಳ ಒಪ್ಪಿಗೆ ಸಿಕ್ಕಿದ ಹಾಗೆ ಅಲ್ಲ. ಯುಎಇಯಲ್ಲಿ ಇರುವವರಿಗೆ ಇದು ಬರೀ ಮರ್ಯಾದೆಯ ವಿಷಯವೂ ಅಲ್ಲ. 2022ರ ಜನವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಸೈಬರ್ ಕಾನೂನಿನಂತೆ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವ ಹಾಗೆ ಫೋಟೋ ತೆಗೆದರೆ, ಹಂಚಿದರೆ ಜೈಲೂ ಉಂಟು, ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್‌ವರೆಗೆ ದಂಡವೂ ಉಂಟು.

ಫೇಸ್‌ಬುಕ್‌ನಲ್ಲಿ ಪ್ರೊಫೈಲ್ ಲಾಕ್ ಮಾಡುವ ಸೌಲಭ್ಯ ಇದೆ. ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಫೋಟೋ ಯಾರಿಗೆ ಕಾಣಬೇಕು, ನಮ್ಮನ್ನು ಯಾರು ಗ್ರೂಪಿಗೆ ಸೇರಿಸಬಹುದು ಎಂದು ನಾವೇ ನಿರ್ಧರಿಸಬಹುದು. ಎರಡು ಹಂತದ ಪಿನ್ ಹಾಕಿಟ್ಟರೆ ನಮ್ಮ ಖಾತೆಯನ್ನು ಇನ್ನೊಬ್ಬರು ವಶ ಮಾಡಿಕೊಳ್ಳುವುದು ಕಷ್ಟ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಹತ್ತು ನಿಮಿಷ ಕೂತು ಹಿರಿಯರ ಫೋನಿನಲ್ಲಿ ಇದನ್ನು ಮಾಡಿಕೊಡಲಿ.

ನಕಲಿ ಖಾತೆ ಕಂಡರೆ ಸಿಟ್ಟಿನಲ್ಲಿ ಅಲ್ಲೇ ಜಗಳಕ್ಕೆ ಇಳಿಯಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಖಾತೆಯ ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಕಂಪೆನಿಗೆ ರಿಪೋರ್ಟ್ ಮಾಡಿ, ಸೈಬರ್ ಅಪರಾಧದ ಸೆನ್ ಠಾಣೆಗೆ ಅಥವಾ ಪೋರ್ಟಲ್‌ಗೆ ದೂರು ಕೊಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಗಲ್ಫ್‌ನಲ್ಲಿರುವವರ ಹೆಸರಲ್ಲಿ ನಕಲಿ ಖಾತೆ ಕಂಡರಂತೂ ಒಂದು ದಿನವೂ ತಡ ಮಾಡಬೇಡಿ. ಊರಿನಲ್ಲಿ ದಾಖಲಾದ ದೂರಿನ ಪ್ರತಿ ಮುಂದೆ ಅವರಿಗೆ ದೊಡ್ಡ ಆಸರೆಯಾಗಬಹುದು.

ಇನ್ನು ನಮ್ಮ ಯುವಕರಿಗೆ ಹೇಳಬೇಕಾದ ಮಾತು. ಅನ್ಯಾಯ ಕಂಡರೆ ಬರೆಯಿರಿ. ಹೆಸರು ಹಾಕಲು ಧೈರ್ಯವಿದ್ದರೆ ಹಾಕಿ, ಇಲ್ಲದಿದ್ದರೆ ಹೆಸರಿಲ್ಲದೆ ಬರೆಯಿರಿ, ಸತ್ಯ ಬರೆದರೆ ಸಾಕು. ಆದರೆ ನಿಮ್ಮ ಸಿಟ್ಟಿಗೆ ಇನ್ನೊಬ್ಬರ ಹೆಸರು ಹಾಕಬೇಡಿ. ಅವನು ನಿಮ್ಮನ್ನು ಬಯ್ದವನೇ ಇರಲಿ, ನಿಮ್ಮ ವಿರೋಧಿಯೇ ಇರಲಿ, ಅವನ ಹೆಸರು ಅವನದ್ದು. ಅವನಿಗೂ ಊರಿನಲ್ಲಿ ದಾರಿ ಕಾಯುವ ಒಂದು ಮನೆ ಇರುತ್ತದೆ.