ಕೈಯ ಚಲನೆಯಲ್ಲಿ ಮಿದುಳಿನ ಪರೀಕ್ಷೆ

ಜ್ವರ ಬಂದವನ ಹಣೆಯನ್ನು ಮುಟ್ಟಿ ನೋಡಿ ಮೈ ಸುಡುತ್ತಿದೆಯೆಂದು ಹೇಳುವುದು ಸುಲಭ. ಆದರೆ ನಿನ್ನೆಗಿಂತ ಇಂದು ಜ್ವರ ಎಷ್ಟು ಇಳಿದಿದೆ ಎಂಬ ಪ್ರಶ್ನೆ ಬಂದಾಗ ಅಂಗೈಯ ಅಂದಾಜು ಸಾಲದು, ಉಷ್ಣಮಾಪಕವೇ ಬೇಕಾಗುತ್ತದೆ. ಶರೀರದ ಉಷ್ಣತೆಗೆ, ರಕ್ತದ ಒತ್ತಡಕ್ಕೆ ತಕ್ಕ ಮಾಪಕಗಳು ಬಹಳ ಹಿಂದಿನಿಂದಲೂ ಇವೆ. ಪಾರ್ಶ್ವವಾಯುವಿಗೆ ತುತ್ತಾಗಿ ಚೇತರಿಸಿಕೊಳ್ಳುತ್ತಿರುವವನ ಕೈ ಎಷ್ಟರಮಟ್ಟಿಗೆ ಸರಿಹೋಗಿದೆ, ಅವನ ಗಮನವೂ ವಿವೇಚನೆಯೂ ಎಷ್ಟರಮಟ್ಟಿಗೆ ಮರಳಿವೆ ಎಂಬುದನ್ನು ಅಳೆಯುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರವಾಗಿ ಕಳೆದ ಕಾಲು ಶತಮಾನದಲ್ಲಿ ಬೆಳೆದುಬಂದಿರುವ ರೋಬಾಟ್ ಉಪಕರಣಗಳ ತತ್ತ್ವವನ್ನು ಇಲ್ಲಿ ಪರಿಶೀಲಿಸೋಣ.

ಮಿದುಳಿಗೆ ಬೀಳುವ ಪೆಟ್ಟು

ಮಿದುಳಿನ ತೂಕ ಶರೀರದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ಶರೀರವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದೊಂದಕ್ಕೇ ಬೇಕು. ಈ ಆಮ್ಲಜನಕವನ್ನು ಒಯ್ಯುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡರೆ, ಅಥವಾ ನಾಳವೇ ಒಡೆದರೆ, ಆ ಭಾಗದ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ನಾಶವಾಗತೊಡಗುತ್ತವೆ. ಇದೇ ಪಾರ್ಶ್ವವಾಯು, ಜನರು ಲಕ್ವ ಹೊಡೆಯಿತೆಂದು ಹೇಳುವುದು ಇದನ್ನೇ. ಮಿದುಳಿನ ಎಡಭಾಗದಿಂದ ಹೊರಟ ನರತಂತುಗಳಲ್ಲಿ ಹೆಚ್ಚಿನವು ಕೆಳಗಿಳಿಯುತ್ತ ಬಲಕ್ಕೂ, ಬಲಭಾಗದವು ಎಡಕ್ಕೂ ದಾಟುತ್ತವೆ. ಆದುದರಿಂದ ಮಿದುಳಿನ ಒಂದು ಪಾರ್ಶ್ವಕ್ಕೆ ಪೆಟ್ಟಾದರೆ ಶರೀರದ ಎದುರು ಪಾರ್ಶ್ವವು ಸೋಲುತ್ತದೆ.

ಪೆಟ್ಟು ಬಿದ್ದ ಮೊದಲ ಗಂಟೆಗಳು ಅಮೂಲ್ಯವಾದುವು. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾರದೆ ಜೋಲುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದೊಂದು ಥಟ್ಟನೆ ಕಾಣಿಸಿಕೊಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ನಮ್ಮ ವಿಷಯ ಪ್ರಾರಂಭವಾಗುವುದು ಪ್ರಾಣಾಪಾಯ ಕಳೆದ ಮೇಲೆ, ರೋಗಿಯು ಮತ್ತೆ ತನ್ನ ಕೆಲಸಕ್ಕೆ ಹೋಗಬಲ್ಲನೇ ಎಂದು ಮನೆಯವರು ಕೇಳುವಾಗ.

ಕಣ್ಣಳತೆಯ ಮಿತಿ

ವೈದ್ಯರು ರೋಗಿಯ ಹಾಸಿಗೆಯ ಬಳಿಯಲ್ಲೇ ಮಾಡುವ ಪರೀಕ್ಷೆಗಳು ಹಲವು. ಸ್ನಾಯುವಿನ ಶಕ್ತಿಗೆ 0ಯಿಂದ 5ರವರೆಗೆ ಅಂಕ ಕೊಡುವುದು ಒಂದು. 1975ರಲ್ಲಿ ಪ್ರಕಟವಾದ ಫ್ಯೂಗಲ್-ಮೇಯರ್ ಪರೀಕ್ಷೆಯಲ್ಲಿ ಕೈಯ ಒಂದೊಂದು ಚಲನೆಗೂ 0, 1 ಅಥವಾ 2 ಅಂಕ, ಒಟ್ಟು 66. ಬುದ್ಧಿಯ ಪರೀಕ್ಷೆಗೆ 30 ಅಂಕಗಳ ಪ್ರಶ್ನಾವಳಿಗಳಿವೆ. ಇವೆಲ್ಲ ಉಪಯುಕ್ತವೇ, ಖರ್ಚಿಲ್ಲದೆ ಎಲ್ಲೆಡೆಯೂ ಮಾಡಬಹುದಾದುವು. ಆದರೆ ಮೆಟ್ಟಲುಗಳು ದಪ್ಪನಾಗಿವೆ. ತಡವರಿಸದೆ ಕೈ ನೀಡಿದವನಿಗೂ, ಕ್ಷಣಕಾಲ ತಡೆದು ಸ್ವಲ್ಪ ಓರೆಯಾಗಿ ನೀಡಿದವನಿಗೂ ಒಂದೇ ಅಂಕ ಬೀಳುವುದು ಸಾಧ್ಯ.

ಈ ಸಣ್ಣ ವ್ಯತ್ಯಾಸ ಅಷ್ಟೊಂದು ಮುಖ್ಯವೇ? ಮಾಲೂರು ತಾಲ್ಲೂಕಿನ ಟೇಕಲ್ಲನ್ನು ನೆನೆಯೋಣ. ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಹೋಗುವವರು ಮಾಲೂರನ್ನು ದಾಟಿದ ಮೇಲೆ ಈ ಊರಿನ ಬಂಡೆಗಲ್ಲಿನ ಬೆಟ್ಟಗಳನ್ನು ಕಾಣುತ್ತಾರೆ. ಅಂಥ ಸೀಮೆಯ ಕಲ್ಲುಕುಟಿಗನು ಒಂದು ಕೈಯಲ್ಲಿ ಉಳಿಯನ್ನೂ ಇನ್ನೊಂದರಲ್ಲಿ ಸುತ್ತಿಗೆಯನ್ನೂ ಹಿಡಿದಿರುತ್ತಾನೆ. ಅವನ ದೃಷ್ಟಿಯಿರುವುದು ಉಳಿಯ ಮೊನೆಯ ಮೇಲೆ. ಪೆಟ್ಟು ಬೀಳುವುದು ಉಳಿಯ ತಲೆಯ ಮೇಲೆ. ಕೈಗಳನ್ನು ನೋಡದೆಯೇ ಅವು ಎಲ್ಲಿವೆಯೆಂದು ಅವನು ಬಲ್ಲ. ಸ್ನಾಯು ಮತ್ತು ಕೀಲುಗಳಿಂದ ಮಿದುಳಿಗೆ ಸದಾ ಹರಿಯುವ ಸುದ್ದಿಯಿಂದ ಬರುವ ಈ ಅರಿವನ್ನು ಅಂಗಗಳ ಸ್ಥಾನಪ್ರಜ್ಞೆ ಎನ್ನಬಹುದು. ಪಾರ್ಶ್ವವಾಯುವಿನ ತರುವಾಯ ತೋಳಿನ ಶಕ್ತಿ ಮರಳಿಯೂ ಈ ಪ್ರಜ್ಞೆ ಮರಳದಿರಬಹುದು. ಅಂಥವನ ಹಿಡಿತ ಬಿಗಿಯಾಗಿದೆಯೆಂದಷ್ಟೇ ನೋಡಿ ಕೆಲಸಕ್ಕೆ ಕಳುಹಿಸಿದರೆ ಸುತ್ತಿಗೆಯ ಪೆಟ್ಟು ಬೆರಳಿನ ಮೇಲೆಯೇ ಬಿದ್ದೀತು.

ಯಂತ್ರದ ರಚನೆ

ಕೆನಡ ದೇಶದ ಕಿಂಗ್ಸ್‌ಟನ್ ನಗರದ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಸ್ಟೀಫನ್ ಸ್ಕಾಟ್ ಎಂಬ ವಿಜ್ಞಾನಿ ತೋಳಿನ ಚಲನೆಯನ್ನು ಅಳೆಯುವ ಒಂದು ಉಪಕರಣವನ್ನು ರಚಿಸಿ 1999ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಕಿನಾರ್ಮ್ ಎಂಬುದು ಅದರ ಹೆಸರು. ರೋಬಾಟ್ ಎಂದೊಡನೆ ಮನುಷ್ಯಾಕೃತಿಯ ಲೋಹದ ಗೊಂಬೆಯನ್ನು ಕಲ್ಪಿಸಿಕೊಳ್ಳಬಾರದು. ಇದು ತೋಳಿಗೆ ಹೊರಗಿನಿಂದ ತೊಡಿಸಿದ ಇನ್ನೊಂದು ಅಸ್ಥಿಪಂಜರದಂತಿದೆ. ರೋಗಿಯು ಕುರ್ಚಿಯಲ್ಲಿ ಕುಳಿತು ತೋಳುಗಳನ್ನು ದೋಣಿಯಾಕಾರದ ಆಧಾರಗಳಲ್ಲಿ ಇಡುತ್ತಾನೆ. ತೋಳಿನ ಭಾರವನ್ನು ಯಂತ್ರವೇ ಹೊರುವುದರಿಂದ ದುರ್ಬಲವಾದ ಕೈಯೂ ಸಮತಲದಲ್ಲಿ ಚಲಿಸಬಲ್ಲುದು. ಯಂತ್ರದ ಕೀಲುಗಳು ಭುಜದ ಮತ್ತು ಮೊಳಕೈಯ ಕೀಲುಗಳಿಗೆ ನೇರವಾಗಿ ಹೊಂದಿಕೊಂಡಿರುತ್ತವೆ. ಅವುಗಳಲ್ಲಿ ಕೋನವನ್ನು ಅಳೆಯುವ ಸಾಧನಗಳೂ, ಬೇಕಾದಾಗ ತೋಳನ್ನು ತಳ್ಳಬಲ್ಲ ಮೋಟಾರುಗಳೂ ಇವೆ.

ಎರಡು ಕೋನಗಳಿಂದ ಕೈಯ ಸ್ಥಾನ ತಿಳಿಯುವುದು ಹೇಗೆ? ಭುಜದಿಂದ ಮೊಳಕೈಗೆ 30 ಸೆಂಟಿಮೀಟರ್, ಮೊಳಕೈಯಿಂದ ಬೆರಳ ತುದಿಗೆ 40 ಸೆಂಟಿಮೀಟರ್ ಇದೆಯೆಂದು ಭಾವಿಸೋಣ. ಮೊಳಕೈಯನ್ನು ಲಂಬಕೋನವಾಗಿ ಮಡಿಸಿದರೆ ಭುಜಕ್ಕೂ ಬೆರಳ ತುದಿಗೂ ಇರುವ ದೂರ 50 ಸೆಂಟಿಮೀಟರ್ ಎಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಬಲ್ಲನು. ಬೇರೆ ಕೋನಗಳಾದರೆ ತ್ರಿಕೋನಮಿತಿಯ ಸಹಾಯ ಬೇಕು, ಅಷ್ಟೆ. ಈ ಲೆಕ್ಕವನ್ನು ಗಣಕಯಂತ್ರವು ಸೆಕೆಂಡಿಗೆ 1000 ಸಲ ಮಾಡುತ್ತದೆ. ಒಂದಾದ ಮೇಲೊಂದು ಬರುವ ಸ್ಥಾನಗಳ ಅಂತರವನ್ನು ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ; ವೇಗದ ವ್ಯತ್ಯಾಸದಿಂದ ವೇಗೋತ್ಕರ್ಷವೂ ತಿಳಿಯುತ್ತದೆ.

ಆಟದಂತೆ ಕಾಣುವ ಪರೀಕ್ಷೆಗಳು

ರೋಗಿಯ ಮುಂದಿನ ಪರದೆಯಲ್ಲಿ ಬೆಳಕಿನ ಚುಕ್ಕೆಯೊಂದು ಮೂಡುತ್ತದೆ. ಕೈಯನ್ನು ಆದಷ್ಟು ಬೇಗ ಅಲ್ಲಿಗೆ ಒಯ್ಯಬೇಕು. ಚುಕ್ಕೆ ಮೂಡಿದ ಎಷ್ಟು ಹೊತ್ತಿಗೆ ಕೈ ಹೊರಟಿತು, ಮೊದಲು ಯಾವ ದಿಕ್ಕಿಗೆ ಹೊರಟಿತು, ದಾರಿಯಲ್ಲಿ ಎಷ್ಟು ಸಲ ತಡೆದು ತಿದ್ದಿಕೊಂಡಿತು ಎಂಬುದೆಲ್ಲ ದಾಖಲಾಗುತ್ತದೆ. ಆರೋಗ್ಯವಂತನ ವೇಗದ ನಕ್ಷೆ ಒಂದೇ ದಿಬ್ಬದಂತೆ ಏರಿ ಇಳಿಯುತ್ತದೆ. ಪೆಟ್ಟು ತಿಂದವನ ನಕ್ಷೆಯಲ್ಲಿ ಹಲವು ಸಣ್ಣ ದಿಬ್ಬಗಳು ಕಾಣಬಹುದು. 10 ಸೆಂಟಿಮೀಟರ್ ದೂರದ ಗುರಿಗೆ ಕೈ 13 ಸೆಂಟಿಮೀಟರ್ ಸುತ್ತಿ ಹೋದರೆ ಆ ಓರೆತನವೂ 1.3 ಎಂಬ ಸಂಖ್ಯೆಯಾಗಿ ನಮ್ಮ ಮುಂದೆ ನಿಲ್ಲುತ್ತದೆ.

ಸ್ಥಾನಪ್ರಜ್ಞೆಯ ಪರೀಕ್ಷೆ ಇನ್ನೂ ಸ್ವಾರಸ್ಯವಾಗಿದೆ. ಕೈಗಳು ಕಣ್ಣಿಗೆ ಕಾಣದಂತೆ ಮರೆಮಾಡಿ, ಯಂತ್ರವು ಸೋತ ಕೈಯನ್ನು ಒಂದು ಸ್ಥಾನಕ್ಕೆ ಒಯ್ದು ನಿಲ್ಲಿಸುತ್ತದೆ. ರೋಗಿಯು ಇನ್ನೊಂದು ಕೈಯನ್ನು, ಕನ್ನಡಿಯ ಪ್ರತಿಬಿಂಬದಂತೆ, ತಕ್ಕ ಸ್ಥಾನಕ್ಕೆ ತರಬೇಕು. ಇದರಲ್ಲಿ ಆಗುವ ತಪ್ಪು ಸೆಂಟಿಮೀಟರುಗಳಲ್ಲಿ ದೊರೆಯುತ್ತದೆ. 2010ರಲ್ಲಿ ಪ್ರಕಟವಾದ ಕೆನಡದ ಸಂಶೋಧನೆಯಲ್ಲಿ, ಪರೀಕ್ಷೆಗೆ ಒಳಗಾದ ಪಾರ್ಶ್ವವಾಯು ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ಪ್ರಜ್ಞೆ ಕುಂದಿತ್ತು. ಸರಿಯಾಗಿದೆಯೆಂದು ಭಾವಿಸಿದ್ದ ಕೈಯಲ್ಲೂ ಕೆಲವರಿಗೆ ಚಲನೆಯ ದೋಷಗಳಿರುವುದು ಇಂಥ ಯಂತ್ರಗಳಿಂದ ಬೆಳಕಿಗೆ ಬಂದಿದೆ.

ಬುದ್ಧಿಯ ಪರೀಕ್ಷೆಗೂ ಕೈಯೇ ಸಾಧನ. ಒಂದು ಪರೀಕ್ಷೆಯಲ್ಲಿ ಮೇಲಿನಿಂದ 300 ಚೆಂಡುಗಳು ಬರಬರುತ್ತ ಹೆಚ್ಚು ವೇಗವಾಗಿ ಬೀಳುತ್ತವೆ. ಎರಡು ಕೈಗಳಿಂದಲೂ ಅವನ್ನು ಹೊಡೆಯಬೇಕು. ಇನ್ನೊಂದರಲ್ಲಿ ನಾನಾ ಆಕಾರಗಳು ಬೀಳುತ್ತವೆ. ಗೊತ್ತುಮಾಡಿದ ಎರಡು ಆಕಾರಗಳನ್ನು ಮಾತ್ರ ಹೊಡೆಯಬೇಕು, ಮಿಕ್ಕವನ್ನು ಬಿಡಬೇಕು. ಹೊಡೆಯಬೇಕಾದುವು 200, ಬಿಡಬೇಕಾದುವು 100. ಮೊದಲ ಆಟವನ್ನು ಚೆನ್ನಾಗಿ ಆಡಿದವನು ಎರಡನೆಯದರಲ್ಲಿ ಬಿಡಬೇಕಾದುದನ್ನೂ ಹೊಡೆಯುತ್ತ ಹೋದರೆ ಕೊರತೆಯಿರುವುದು ಕೈಯಲ್ಲಲ್ಲ. ನೆನಪಿನಲ್ಲೋ ಗಮನದಲ್ಲೋ ತನ್ನನ್ನು ತಡೆದುಕೊಳ್ಳುವ ಶಕ್ತಿಯಲ್ಲೋ ಇರಬೇಕು. ರಸ್ತೆ ದಾಟುವಾಗ, ವಾಹನ ನಡೆಸುವಾಗ ಬೇಕಾಗುವುದೂ ಈ ಶಕ್ತಿಯೇ.

ಅಳತೆಗೊಂದು ಹೋಲಿಕೆ

ಸಂಖ್ಯೆ ದೊರೆತಮಾತ್ರಕ್ಕೆ ಜ್ಞಾನ ದೊರೆಯಲಿಲ್ಲ. ಎಪ್ಪತ್ತರ ಮುದುಕನ ಕೈ ಇಪ್ಪತ್ತರ ತರುಣನ ಕೈಗಿಂತ ನಿಧಾನವಾಗಿ ಹೊರಡುವುದು ಸಹಜ. ಆದುದರಿಂದ ಮೊದಲು ನೂರಾರು ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ, ವಯಸ್ಸಿಗೆ ತಕ್ಕಂತೆ ಅವರಲ್ಲಿ ನೂರಕ್ಕೆ 95 ಮಂದಿಯ ಅಳತೆ ಯಾವ ಮಿತಿಯೊಳಗೆ ಬರುವುದೆಂದು ಗೊತ್ತುಮಾಡಿಕೊಳ್ಳುತ್ತಾರೆ. ರೋಗಿಯ ಅಳತೆ ಆ ಮಿತಿಯ ಹೊರಗೆ ಬಿದ್ದರೆ ಮಾತ್ರ ದೋಷವೆಂದು ಎಣಿಸುತ್ತಾರೆ.

ಇಲ್ಲಿಯೇ ನಮ್ಮ ನಾಡಿನ ಕೆಲಸವಿರುವುದು. ಶಾಲೆಗೆ ಹೋಗದ ರೈತನನ್ನು ಪರದೇಶದ ವಿದ್ಯಾವಂತನೊಡನೆ ಹೋಲಿಸಿ ಬುದ್ಧಿ ಕುಂದಿದೆಯೆನ್ನುವುದು ನ್ಯಾಯವಲ್ಲ. ಇದನ್ನರಿತ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ, ಅಕ್ಷರ ಬಾರದವರಿಗೂ ಹೊಂದುವಂಥ ಬುದ್ಧಿಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರೂ ಇದರಲ್ಲಿ ಪಾಲ್ಗೊಂಡರು. ರೋಬಾಟ್ ಪರೀಕ್ಷೆ ಬರುವಲ್ಲೆಲ್ಲ ಇಂಥದೇ ಎಚ್ಚರ ಬೇಕು.

ಕಿನಾರ್ಮ್‌ನಂಥ ಯಂತ್ರಗಳು ದೊಡ್ಡವು, ಬೆಲೆಯೂ ಹೆಚ್ಚು. ಹಳ್ಳಿಯ ಆರೋಗ್ಯಕೇಂದ್ರಕ್ಕೆ ಎಟುಕುವಂಥವಲ್ಲ. ಆದರೆ ತತ್ತ್ವವು ಯಂತ್ರದ ಗಾತ್ರಕ್ಕೆ ಕಟ್ಟುಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಅವೀಕ್ ಬಿಡ್ ಮತ್ತು ಅವರ ಸಂಗಡಿಗರು ಪಾರ್ಶ್ವವಾಯು ರೋಗಿಗಳಿಗಾಗಿ ತೊಡಬಹುದಾದ ಮೃದು ಸಾಧನವೊಂದನ್ನು ರಚಿಸಿರುವುದು 2022ರಲ್ಲಿ ಪ್ರಕಟವಾಯಿತು. ಪಾರದರ್ಶಕ ವಸ್ತುವಿನ ಮೂಲಕ ಬೆಳಕು ಹಾಯುತ್ತದೆ. ಬೆರಳು ಬಾಗಿದಾಗ ಬೆಳಕಿನಲ್ಲಾಗುವ ವ್ಯತ್ಯಾಸದಿಂದ ಚಲನೆಯನ್ನು ಅಳೆಯಬಹುದು. ಕೈಗವಸಿನ ರೂಪದ ಸಾಧನವನ್ನು ದೂರದಿಂದಲೇ ನಿಯಂತ್ರಿಸಿ ಅಂಗಸಾಧನೆ ಮಾಡಿಸುವುದೂ ಅವರ ಉದ್ದೇಶ.

ಅದೇ ವರ್ಷದ ಜನವರಿಯಲ್ಲಿ ನಿಮ್ಹಾನ್ಸ್ ಸಹಯೋಗದಿಂದ ಆರಂಭವಾದ ಕರ್ನಾಟಕದ ಮಿದುಳು ಆರೋಗ್ಯ ಯೋಜನೆಗೆ ಮೊದಲು ಆಯ್ದ ಪ್ರದೇಶಗಳಲ್ಲಿ ಕೋಲಾರವೂ ಒಂದು. ಜಿಲ್ಲಾ ಆಸ್ಪತ್ರೆಗೆ ಬಂದ ರೋಗಿಯನ್ನು ಗುರುತಿಸುವ ವ್ಯವಸ್ಥೆ ಒಂದು ಕಡೆ, ಅಗ್ಗದ ಮಾಪಕ ಇನ್ನೊಂದು ಕಡೆ ಬೆಳೆದು ಇವೆರಡೂ ಕೂಡಿದರೆ ಪ್ರಯೋಜನ ದೊಡ್ಡದು. ಯಂತ್ರವು ರೋಗವನ್ನು ಗುಣಪಡಿಸದು. ವೈದ್ಯನ ವಿವೇಕಕ್ಕೆ ಬದಲೂ ಆಗದು. ಯಾವ ಶಕ್ತಿ ಮರಳಿದೆ, ಯಾವುದಿನ್ನೂ ಮರಳಬೇಕು ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆ. ಹಾಗೆ ತಿಳಿದ ಮೇಲೆ ಯಾವ ಸಾಧನೆ ಮಾಡಿಸಬೇಕು, ಯಾವ ಕೆಲಸಕ್ಕೆ ಎಂದು ಕಳುಹಿಸಬಹುದು ಎಂಬುದನ್ನು ಊಹೆಗೆ ಬಿಡದೆ ನಿಶ್ಚಯಿಸಬಹುದು. ಭೌತವಿಜ್ಞಾನವನ್ನು ಓದುವ ತರುಣರು ಕೈಹಾಕಬೇಕಾದ ಕೆಲಸ ಇಲ್ಲಿ ಬೇಕಾದಷ್ಟಿದೆ.