ಬಿದಿರ ಮೆಳೆಯೂ ವಿಜ್ಞಾನ ಸಂಸ್ಥೆಯೂ

ಹೊನ್ನಾವರ ತಾಲ್ಲೂಕಿನ ಮಂಕಿಯಲ್ಲಿ ನಿಂತು ನೋಡಿದರೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸಹ್ಯಾದ್ರಿಯ ಸಾಲು. ಇಂತಹ ಊರಿನ ವಿದ್ಯಾರ್ಥಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಎಲ್ಲಿಯದೋ ದೂರದ ಲೋಕವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಸಂಸ್ಥೆಗೂ ನಮ್ಮ ಜಿಲ್ಲೆಯ ಕಾಡಿಗೂ ಹಳೆಯ ನಂಟುಂಟು.

ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪದಿಂದ ಹುಟ್ಟಿದ ಈ ಸಂಸ್ಥೆಗೆ ಆಗಿನ ಮೈಸೂರು ಸಂಸ್ಥಾನವು ಸುಮಾರು 370 ಎಕರೆ ಭೂಮಿಯನ್ನು ಕೊಟ್ಟಿತು. ಟಾಟಾ 1904ರಲ್ಲಿ ತೀರಿಕೊಂಡರು. ಸಂಸ್ಥೆ ಸ್ಥಾಪಿತವಾದುದು 1909ರಲ್ಲಿ. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರಾಮ್ಸೆಯವರೊಡನೆ ನಿಯಾನ್, ಕ್ರಿಪ್ಟಾನ್, ಜೆನಾನ್ ಅನಿಲಗಳನ್ನು ಕಂಡುಹಿಡಿದವರು. 1933ರಲ್ಲಿ ಸಿ. ವಿ. ರಾಮನ್ ಮೊದಲ ಭಾರತೀಯ ನಿರ್ದೇಶಕರಾದರು. 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನಮಾನ ದೊರೆಯಿತು.

ಆದರೆ ಕಾಲೇಜಿಗೂ ಇಂತಹ ಸಂಶೋಧನಾ ವಿದ್ಯಾಪೀಠಕ್ಕೂ ಭೇದವೇನು? ನಮ್ಮ ಪ್ರಯೋಗಶಾಲೆಗಳಲ್ಲಿ ಲೋಲಕವನ್ನು ತೂಗಿಬಿಟ್ಟು ಗುರುತ್ವದ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗೆ ಉತ್ತರ ಮೊದಲೇ ಗೊತ್ತು. 9.8 ಬಾರದಿದ್ದರೆ ಅಂಕಿಗಳನ್ನು ಮೆಲ್ಲನೆ ತಿದ್ದುವುದೂ ಉಂಟು. ಅಧ್ಯಾಪಕರಾದ ನಾವು ಇದನ್ನು ಬಲ್ಲೆವು. ಉತ್ತರ ಯಾರಿಗೂ ಗೊತ್ತಿಲ್ಲದಲ್ಲಿ ತಿದ್ದುವುದಾದರೂ ಹೇಗೆ?

1970ರ ದಶಕದಲ್ಲಿ ನಮ್ಮ ಕಾಡುಗಳ ಬಿದಿರು ಕ್ಷೀಣಿಸುತ್ತಿತ್ತು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಅದೇ ಕಚ್ಚಾವಸ್ತು. ಮೆಳೆಯ ಬುಡದ ಮುಳ್ಳುಹೊದಿಕೆಯನ್ನು ತೆಗೆದರೆ ಗಳಗಳು ಸಲೀಸಾಗಿ ಬೆಳೆಯುವುವೆಂದು ಅಂದಿನ ರೂಢಿ. ಅದರಿಂದ ಕೇಡೇ ಹೆಚ್ಚೆಂದು ಹಳ್ಳಿಗರು ಹೇಳುತ್ತಿದ್ದರು. ಸಂಸ್ಥೆಯ ಮಾಧವ ಗಾಡ್ಗೀಳರೂ ಎಸ್. ನರೇಂದ್ರ ಪ್ರಸಾದರೂ ಕಾಡಿಗೇ ಬಂದು ಪರೀಕ್ಷಿಸಿದರು. ಹಳ್ಳಿಗರ ಮಾತೇ ನಿಜವಾಯಿತು. ಮುಳ್ಳು ಹೋದೊಡನೆ ಎಳೆಯ ಕಳಲೆಯು ದನಗಳಿಗೂ ಕಾಡುಪ್ರಾಣಿಗಳಿಗೂ ಸುಲಭವಾಗಿ ಸಿಕ್ಕಿ, ಮೆಳೆಯು ಹೊಸ ಗಳವಿಲ್ಲದೆ ಸೊರಗುತ್ತಿತ್ತು. ಕಳಲೆಯ ಪಲ್ಯವನ್ನು ಮೆಚ್ಚುವ ನಾವು ದನಗಳನ್ನು ದೂರುವಂತಿಲ್ಲ! 1983ರಲ್ಲಿ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವು ಆರಂಭವಾಯಿತು. ಅಲ್ಲಿಯ ಸಂಶೋಧಕರು ಕುಮಟೆಯನ್ನು ನೆಲೆಯಾಗಿಸಿಕೊಂಡು ನಮ್ಮ ಕಾಡುಗಳನ್ನಲ್ಲದೆ ಅಘನಾಶಿನಿಯ ಅಳಿವೆಯ ಚಿಪ್ಪುಜೀವಿಗಳನ್ನೂ ಅಭ್ಯಸಿಸಿದ್ದಾರೆ.

ಇನ್ನು ಪ್ರವೇಶದ ಮಾತು. ಬಹುಕಾಲ ಇಲ್ಲಿ ಪದವೀಧರರಿಗೆ ಮಾತ್ರ ಎಡೆಯಿತ್ತು. 2011ರಿಂದ ಪಿ.ಯು.ಸಿ. ವಿಜ್ಞಾನ ಮುಗಿಸಿದವರಿಗೂ ನಾಲ್ಕು ವರ್ಷಗಳ ಪದವಿ ತೆರೆದಿದೆ. ಆಯ್ಕೆ ರಾಷ್ಟ್ರಮಟ್ಟದ ಪರೀಕ್ಷೆಗಳ ಮೂಲಕ. ಯಾವ ಪರೀಕ್ಷೆಗಳೆಂಬುದು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡತಕ್ಕದ್ದು. ನಮ್ಮ ಕಾಲೇಜುಗಳಲ್ಲಿ ಬಿ.ಎಸ್‌ಸಿ. ಮುಗಿಸಿದವರಿಗೆ ಸಂಯುಕ್ತ ಪಿಎಚ್.ಡಿ. ಎಂಬ ಇನ್ನೊಂದು ದಾರಿಯುಂಟು. ಸಂಶೋಧನ ವಿದ್ಯಾರ್ಥಿಗಳಿಗೆ ವೇತನವಿರುವುದರಿಂದ ಬಡತನಕ್ಕೆ ಅಂಜಿ ಈ ದಾರಿಯನ್ನು ಬಿಡಬೇಕಿಲ್ಲ. ಬೋಧನೆಯೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷ ಕಷ್ಟವೆನಿಸೀತು. ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ.

ಪ್ರತಿವರ್ಷ ಒಂದು ದಿನ, ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚಿಯಲ್ಲಿ, ಅಲ್ಲಿಯ ಪ್ರಯೋಗಶಾಲೆಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. ಹಿಂದಿನ ರಾತ್ರಿಯ ಬಸ್ಸು ಹಿಡಿದರೆ ನಮ್ಮ ಕಡೆಯ ಹುಡುಗ ಹುಡುಗಿಯರು ಬೆಳಗಾಗುವ ಹೊತ್ತಿಗೆ ಬೆಂಗಳೂರಿನಲ್ಲಿರಬಹುದು.