ಎರಡು ನಿಷಾದಗಳ ನಡುವಿನ ಪರೀಕ್ಷೆ

ಸಂಕ್ರಾಂತಿ ಬಂತೆಂದರೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ. ನಂದಿಧ್ವಜಗಳು ಊರಿನ 68 ಲಿಂಗಗಳ ದರ್ಶನಕ್ಕೆ ಹೊರಟಾಗ ಹಲಗಿಯ ಸದ್ದು, ಸನಾದಿಯ ಕೊರಳು, ನಡುನಡುವೆ ಬ್ಯಾಂಡು. ಬ್ಯಾಂಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೊಳೆಯುವ ಹಿತ್ತಾಳೆ ತುತ್ತೂರಿಗಳು. ಹಾಡಿನ ಸಾಲು ಹಿಡಿದು ನಡೆಸುವವನು ಮಾತ್ರ ಕರಿಯ ಕೊಳವೆ ಹಿಡಿದ ಕ್ಲಾರಿಯೋನೆಟ್ಟಿನವನು. ಅಭಂಗವಿರಲಿ, ವಚನವಿರಲಿ, ಹಳೆಯ ಸಿನಿಮಾ ಹಾಡಿರಲಿ, ಅದು ಗುರುತು ಸಿಗುವುದು ಅವನ ಉಸಿರಿನಿಂದ.

ಊದುವ ವಾದ್ಯ ಈ ಸೀಮೆಗೆ ಹೊಸದೇನಲ್ಲ. ಶಹನಾಯಿ ಜಾತಿಯದೇ ಆದ, ಅದಕ್ಕಿಂತ ಗಿಡ್ಡನೆಯ ‘ಸುಂದರಿ’ಗೆ ಸೊಲ್ಲಾಪುರದ ಜಾಧವ ಮನೆತನವೇ ಮನೆ. ಸಿದ್ಧರಾಮ ಜಾಧವ, ಭೀಮಣ್ಣ ಜಾಧವ ಅವರಂಥವರು ಅದನ್ನು ಊರಾಚೆಯ ವೇದಿಕೆಗಳಿಗೆ ಒಯ್ದರು. ‘ಸುಂದರಿ’ ಎಂಬ ಹೆಸರಿನ ಹಿಂದೆ ಅಕ್ಕಲಕೋಟೆ ಸಂಸ್ಥಾನದ ಅರಸರಿದ್ದಾರೆ ಎಂಬ ಮಾತು ಇಲ್ಲಿ ಪ್ರಚಲಿತ. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಭಜಂತ್ರಿ ಮನೆತನಗಳ ಸನಾದಿ ಉಂಟು. 1977ರ ‘ಸನಾದಿ ಅಪ್ಪಣ್ಣ’ ನೋಡಿದವರಿಗೆ ಅದರ ಬೆಲೆ ಬೇರೆಯಾಗಿ ಹೇಳಬೇಕಿಲ್ಲ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರಂತೂ ಸಿದ್ಧರಾಮ ಜಂಬಲದಿನ್ನಿಯವರಲ್ಲಿ ಕಲಿತ ಗಾಯನವನ್ನು ಕ್ಲಾರಿಯೋನೆಟ್ಟಿಗೇ ಇಳಿಸಿ, ಬ್ಯಾಂಡಿನದೆಂದು ಮೂಲೆಗಿಟ್ಟಿದ್ದ ವಾದ್ಯದಲ್ಲಿ ಖಯಾಲಿನ ಬಡತ್ ಮಾಡಿ ತೋರಿಸಿದರು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದ ಹುಡುಗನೊಬ್ಬ ಕ್ಲಾರಿಯೋನೆಟ್ಟನ್ನು ಗಂಭೀರವಾಗಿ ಕಲಿಯುತ್ತೇನೆಂದರೆ ಅವನ ಬೆನ್ನಿಗೆ ಇಷ್ಟೆಲ್ಲ ಇದೆ. ಇಲ್ಲದ್ದು ದುಡ್ಡು.

ಎಷ್ಟು ದುಡ್ಡು? ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಅಳತೆಗೋಲಿನಂತೆ ನಿಂತಿರುವ ವಾದ್ಯವೆಂದರೆ ಫ್ರಾನ್ಸಿನ ಬಫೆ ಕ್ರಾಂಪೋನ್ ಕಂಪನಿಯ ಆರ್13. ರೊಬೇರ್ ಕಾರೆ ಎಂಬ ಕುಶಲಿ ರೂಪಿಸಿ 1955ರಲ್ಲಿ ಹೊರಬಂದ ಮಾದರಿ ಅದು. ಇವತ್ತು ಹೊಸದನ್ನು ತರಿಸಿಕೊಂಡರೆ ಸುಂಕ, ತೆರಿಗೆ ಸೇರಿ ಲಕ್ಷಗಳ ಲೆಕ್ಕ. ಅದೇ ಮೇರಠ್‌ನ ಜಾಲಿ ಕೋಠಿಯಲ್ಲಿ ತಯಾರಾಗುವ ಕ್ಲಾರಿಯೋನೆಟ್ ಕೆಲವೇ ಸಾವಿರಕ್ಕೆ ಸಿಗುತ್ತದೆ. 1885ರಲ್ಲಿ ನಾದಿರ್ ಅಲಿ ಕಂಪನಿ ಶುರುವಾದಾಗಿನಿಂದ ದೇಶದ ಬ್ಯಾಂಡುಗಳ ತವರು ಆ ಪೇಟೆ. ಈ ಎರಡು ಬೆಲೆಗಳ ನಡುವೆ ಸಿಕ್ಕಿಕೊಂಡ ಕಲಿಯುವವನಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಈಗ ಅಗ್ಗದ್ದು ತಗೊ, ಮುಂದೆ ನೋಡೋಣ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸ್ವರ ನಿಲ್ಲದ ವಾದ್ಯದಲ್ಲಿ ಎರಡು ವರ್ಷ ಊದಿದವನ ತುಟಿ ಆ ತಪ್ಪು ಸ್ವರಕ್ಕೇ ಹೊಂದಿಕೊಂಡುಬಿಡುತ್ತದೆ, ಆಮೇಲೆ ಅದನ್ನು ತಿದ್ದಲು ಇನ್ನೆರಡು ವರ್ಷ ಬೇಕು. ಅಗ್ಗಕ್ಕೂ ಲಕ್ಷಕ್ಕೂ ನಡುವೆ ಮೂರನೆಯ ದಾರಿಯೊಂದಿದೆ. ನಾವು ನುಡಿಸುವ ಸಂಗೀತವೇ ಬೇರೆ ಎಂಬುದರಿಂದ ತೆರೆದುಕೊಂಡ ದಾರಿ ಅದು.

ಯುರೋಪ್ ಬೇಡವೆಂದದ್ದು ನಮಗೆ ಬೇಕಾದದ್ದು

ಕ್ಲಾರಿಯೋನೆಟ್ 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಕೈಯಲ್ಲಿ ರೂಪ ಪಡೆಯಿತು. 1812ರ ಹೊತ್ತಿಗೆ ಇವಾನ್ ಮ್ಯುಲರ್ ಅದಕ್ಕೆ 13 ಕೀಲಿ ಜೋಡಿಸಿದ. ಆ ದಾರಿಯಲ್ಲೇ ಮುಂದುವರಿದು ಬ್ರಸೆಲ್ಸ್‌ನ ಯುಜೀನ್ ಆಲ್ಬರ್ಟ್ ಹೆಸರಿನಲ್ಲಿ ನೆಲೆಯಾದದ್ದು ‘ಆಲ್ಬರ್ಟ್ ಪದ್ಧತಿ’. ಇತ್ತ ಪ್ಯಾರಿಸ್‌ನಲ್ಲಿ ಕ್ಲೋಸೆ ಎಂಬ ವಾದಕ, ಬಫೆ ಎಂಬ ತಯಾರಕ ಸೇರಿ 1840ರ ಆಸುಪಾಸಿನಲ್ಲಿ ಇನ್ನೊಂದು ಕೀಲಿವ್ಯವಸ್ಥೆ ಮಾಡಿದರು. ಅದು ‘ಬೋಮ್ ಪದ್ಧತಿ’: 17 ಕೀಲಿ, ಆರು ಉಂಗುರ. ಹನ್ನೆರಡು ಶ್ರುತಿಗಳಲ್ಲೂ ಸಲೀಸಾಗಿ ಓಡಬೇಕಾದ ವಾದ್ಯವೃಂದದವರಿಗೆ ಬೋಮ್ ವರವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನ್ ಭಾಷೆಯ ನಾಡುಗಳನ್ನು ಬಿಟ್ಟು ಹೆಚ್ಚಿನವರೆಲ್ಲ ಅದಕ್ಕೇ ಹೊರಳಿದರು.

ನಮಗೆ ಹನ್ನೆರಡು ಶ್ರುತಿಗಳಲ್ಲಿ ಓಡುವ ಅಗತ್ಯವಿಲ್ಲ. ಒಂದು ಸಾ ಹಿಡಿದರೆ ಇಡೀ ಕಛೇರಿ ಅದರ ಮೇಲೆಯೇ. ನಮಗೆ ಬೇಕಾದದ್ದು ಮೀಂಡು, ಅಂದರೆ ಬೆರಳನ್ನು ರಂಧ್ರದ ಮೇಲಿಂದ ಮೆಲ್ಲಗೆ ಸರಿಸಿ ಗಾಂಧಾರದಿಂದ ರಿಷಭಕ್ಕೆ ಜಾರುವುದು. ಉಂಗುರ ಕಡಿಮೆಯಿದ್ದು ಬೆರಳು ನೇರವಾಗಿ ಮರಕ್ಕೆ ತಾಗುವ ಆಲ್ಬರ್ಟ್ ಪದ್ಧತಿ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಬ್ಯಾಂಡುಗಳಲ್ಲಿ ಇವತ್ತಿಗೂ ಅದೇ ಓಡಾಡುತ್ತದೆ. ಟರ್ಕಿ, ಗ್ರೀಸ್‌ಗಳ ಜನಪದ ವಾದಕರೂ ಅದನ್ನು ಬಿಟ್ಟಿಲ್ಲ, ಕಾರಣವೂ ಇದೇ.

ಇಲ್ಲಿಯೇ ವಿದ್ಯಾರ್ಥಿಗೆ ಅನುಕೂಲ. ನೂರು ವರ್ಷದ ಹಿಂದೆ ಬಫೆ, ಸೆಲ್ಮರ್, ಆಲ್ಬರ್ಟ್‌ಗಳಂಥ ಕಾರ್ಖಾನೆಗಳು ಅಂದಿನ ವೃತ್ತಿವಾದಕರಿಗೆಂದೇ ಕಡೆದ ಆಲ್ಬರ್ಟ್ ಪದ್ಧತಿಯ ವಾದ್ಯಗಳಿಗೆ ಪಾಶ್ಚಾತ್ಯ ಮಾರುಕಟ್ಟೆಯಲ್ಲಿ ಈಗ ಗಿರಾಕಿ ಕಡಿಮೆ. ಮರ ಮಾತ್ರ ಅದೇ ಆಫ್ರಿಕಾದ ಗ್ರೆನಡಿಲ್ಲಾ, ನೀರಿಗೆ ಹಾಕಿದರೆ ಮುಳುಗುವಷ್ಟು ಗಟ್ಟಿ. ಕೆಲಸವೂ ಅದೇ ಮಟ್ಟದ್ದು. ಬೆಲೆ ಹೊಸ ವೃತ್ತಿಮಟ್ಟದ ಬೋಮ್ ವಾದ್ಯದ ಸಣ್ಣದೊಂದು ಪಾಲು. ಬೋಮ್ ಪದ್ಧತಿಯೇ ಬೇಕು, ಸೇನಾ ಬ್ಯಾಂಡಿಗೋ ಸ್ಟುಡಿಯೋ ಕೆಲಸಕ್ಕೋ ಹೋಗಬೇಕು ಎನ್ನುವವರು ಬಳಸಿದ ಮರದ ವಾದ್ಯ ಹುಡುಕಲಿ: ಯಮಹಾದ ವೈಸಿಎಲ್-450, ಬಫೆಯ ಇ11, ಅಥವಾ ಹಳೆಯ ಸೆಲ್ಮರ್, ಲೆಬ್ಲಾಂಕ್. ಗ್ರೆನಡಿಲ್ಲಾ ಜಾತಿಯ ಮರಕ್ಕೆ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧ ಬಂದಿತ್ತು. 2019ರ ಕೊನೆಗೆ ತಯಾರಾದ ಸಂಗೀತ ವಾದ್ಯಗಳನ್ನು ಅದರಿಂದ ಹೊರಗಿಟ್ಟರು, ಹಾಗಾಗಿ ಹೊರದೇಶದಿಂದ ತರಿಸುವುದು ಈಗ ಮೊದಲಿನಷ್ಟು ತೊಡಕಲ್ಲ.

ಎಚ್.ಪಿ. ಎಂಬ ಎರಡಕ್ಷರ

ಹಳೆಯದನ್ನು ಕೊಳ್ಳುವವರು ಮರೆಯಲೇಬಾರದ ಸಂಗತಿಯೊಂದಿದೆ. ಬ್ರಿಟಿಷ್ ಸೇನಾ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ‘ಹೈ ಪಿಚ್’ ಎಂಬ ಎತ್ತರದ ಶ್ರುತಿಯಲ್ಲಿ ನುಡಿಸುತ್ತಿದ್ದವು. ಇಂದು 440 ಹರ್ಟ್ಸ್ ಇರುವ ಸ್ವರ ಅವರಿಗೆ 452ರ ಆಚೀಚೆ. ವ್ಯತ್ಯಾಸ ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧದಷ್ಟು, ಅಂದರೆ ಹಾರ್ಮೋನಿಯಂನ ಒಂದು ಮನೆಗೂ ಪಕ್ಕದ ಮನೆಗೂ ನಡುವೆ. ಯಾವ ಪೆಟ್ಟಿಗೆಯ ಜೊತೆಗೂ ಅದು ಕೂಡದು. ಅಂಥ ವಾದ್ಯಗಳು ಇಂಡಿಯಾದ ತುಂಬ ಬಂದವು, ಸಂಸ್ಥಾನಗಳು ಕರಗಿದ ಮೇಲೆ, ಪಲ್ಟನ್‌ಗಳು ಹೊಸದು ಕೊಂಡ ಮೇಲೆ ಕೈಯಿಂದ ಕೈಗೆ ದಾಟಿದವು.

ಗುರುತು ಹಿಡಿಯುವುದು ಕಷ್ಟವಲ್ಲ. ತಯಾರಕರ ಮುದ್ರೆಯ ಬಳಿ ‘ಎಚ್.ಪಿ.’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಎತ್ತರದ್ದು, ‘ಎಲ್.ಪಿ.’ ಇದ್ದರೆ ಇಂದಿನದಕ್ಕೆ ಹತ್ತಿರ. ಅಕ್ಷರ ಸವೆದಿದ್ದರೆ ಒಳ್ಳೆಯದೊಂದರ ಪಕ್ಕದಲ್ಲಿಟ್ಟು ನೋಡಿ: ಎಚ್.ಪಿ. ವಾದ್ಯ ಸುಮಾರು ಎರಡು ಸೆಂಟಿಮೀಟರ್ ಗಿಡ್ಡ. ಬೂಸಿ ಮತ್ತು ಹಾಕ್ಸ್ ಎಂಬ ಎರಡು ಲಂಡನ್ ಕಂಪನಿಗಳು ಒಂದಾದದ್ದು 1930ರಲ್ಲಿ. ಮುದ್ರೆಯಲ್ಲಿ ಇಬ್ಬರಲ್ಲಿ ಒಬ್ಬರ ಹೆಸರಷ್ಟೇ ಇದ್ದರೆ ಅದಕ್ಕಿಂತ ಹಿಂದಿನದು, ಇನ್ನಷ್ಟು ಹುಷಾರಾಗಿರಬೇಕು. ‘ಬ್ಯಾರೆಲ್ ಸ್ವಲ್ಪ ಹೊರಗೆಳೆದರೆ ಸರಿಹೋಗುತ್ತದೆ’ ಎಂದು ಮಾರುವವರು ಹೇಳುತ್ತಾರೆ. ಸರಿಹೋಗುವುದಿಲ್ಲ. ಮೇಲಿನ ಸ್ವರಗಳು ಇಳಿಯುತ್ತವೆ, ಕೆಳಗಿನವು ಅಲ್ಲೇ ಉಳಿಯುತ್ತವೆ, ಸಪ್ತಕವೇ ಒಡೆಯುತ್ತದೆ.

ಸಾ ಹಿಡಿದು ನೋಡುವುದು

ಮೀಟರ್, ಮೊಬೈಲ್ ಟ್ಯೂನರ್ ಎಲ್ಲ ಇರಲಿ. ಕೊಳ್ಳುವ ಮೊದಲಿನ ನಿಜವಾದ ಪರೀಕ್ಷೆಗೆ ತಂಬೂರಿ ಸಾಕು, ಫೋನಿನ ತಂಬೂರಿಯೂ ನಡೆದೀತು.

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬಿ-ಫ್ಲ್ಯಾಟ್ ಕ್ಲಾರಿಯೋನೆಟ್. ಎಡಗೈಯ ಹೆಬ್ಬೆರಳು, ಮೂರು ಬೆರಳು ಮುಚ್ಚಿದರೆ ಪೆಟ್ಟಿಗೆಯ ಕರಿ ಐದು ಬರುತ್ತದೆ. ಅದನ್ನೇ ಸಾ ಎಂದಿಟ್ಟುಕೊಳ್ಳಿ. ಬೆರಳು ಒಂದೊಂದೇ ಎತ್ತಿದರೆ ರಿ, ಗ, ಮ, ಎಲ್ಲ ಬಿಟ್ಟರೆ ಪ. ಮೇಲಿನ ಎರಡು ಸಣ್ಣ ಕೀಲಿ ಒತ್ತಿದರೆ ಧ, ಕೋಮಲ ನಿ. ಅಲ್ಲಿಗೆ ಕೆಳಗಿನ ಸ್ಥಾಯಿ ಮುಗಿಯಿತು. ಅದರಾಚೆಯ ಶುದ್ಧ ನಿಗೆ ಬೆರಳುಗಳೆಲ್ಲ ಒಟ್ಟಿಗೆ ಮುಚ್ಚಿ, ಹೆಬ್ಬೆರಳಿನ ರಿಜಿಸ್ಟರ್ ಕೀಲಿ ತೆರೆಯಬೇಕು. ಕೊಳವೆಯ ತುದಿಯಲ್ಲಿ ಹುಟ್ಟುತ್ತಿದ್ದ ಬಡಕಲು ಸ್ವರದಿಂದ ಇಡೀ ಕೊಳವೆ ತುಂಬುವ ಸ್ವರಕ್ಕೆ ಒಂದೇ ನೆಗೆತ. ಎರಡು ನಿಷಾದಗಳ ನಡುವೆ ಇರುವುದು ಅರ್ಧ ಸ್ವರ, ದಾಟಬೇಕಾದದ್ದು ಪೂರಾ ವಾದ್ಯ.

ಕೋಮಲ ನಿ ಬಡಕಲಾಗಿರುವುದಕ್ಕೆ ಕಾರಣವಿದೆ. ಅದು ಹೊರಡುವ ಪುಟ್ಟ ರಂಧ್ರವೇ ಮೇಲಿನ ಸ್ಥಾಯಿಯನ್ನು ಎಬ್ಬಿಸುವ ರಂಧ್ರವೂ ಹೌದು. ಎರಡು ಕೆಲಸಕ್ಕೆ ಒಂದೇ ರಂಧ್ರ ಹೊಂದಿಸಿದ ರಾಜಿ ಅದು, ಲಕ್ಷಗಳ ವಾದ್ಯದಲ್ಲೂ ಪೂರ್ತಿ ತಪ್ಪಿದ್ದಲ್ಲ. ಒಳ್ಳೆಯ ವಾದ್ಯದಲ್ಲಿ ಆ ಸ್ವರ ಮಂಕಾದರೂ ಶ್ರುತಿಯಲ್ಲಿರುತ್ತದೆ, ಬಲಗೈಯ ಒಂದೆರಡು ಬೆರಳು ಸೇರಿಸಿ ಮುಚ್ಚಿದರೆ ಬಣ್ಣ ತುಂಬಿಕೊಳ್ಳುತ್ತದೆ. ಕೆಟ್ಟದರಲ್ಲಿ ಸ್ವರವೇ ಏರಿಳಿಯುತ್ತದೆ, ಏನು ಮಾಡಿದರೂ ಕೂರುವುದಿಲ್ಲ. ಮಿಯಾಂ ಮಲ್ಹಾರದಂತೆ ಎರಡೂ ನಿಷಾದ ಒತ್ತೊತ್ತಿಗೆ ಬರುವ ರಾಗದ ತುಣುಕೊಂದನ್ನು ಮೆಲ್ಲಗೆ ನುಡಿಸಿ. ವಾದ್ಯದ ಬಗ್ಗೆ ತಿಳಿಯಬೇಕಾದ ಮುಕ್ಕಾಲು ಪಾಲು ಅಲ್ಲೇ ತಿಳಿಯುತ್ತದೆ.

ಇನ್ನೊಂದು ನೋಟ. ಶಹನಾಯಿ, ಸುಂದರಿಗಳು ಬಾಯಗಲದ ಕೊಳವೆಯವು, ಗಟ್ಟಿಸಿ ಊದಿದರೆ ಸಾದಿಂದ ತಾರ ಸಾಗೆ ಏರುತ್ತವೆ. ಕ್ಲಾರಿಯೋನೆಟ್ಟಿನ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ, ಅದು ಸಾದಿಂದ ನೇರ ತಾರ ಪಂಚಮಕ್ಕೆ ಹಾರುತ್ತದೆ. ಸಾ ಹಿಡಿದು, ಬೆರಳು ಕದಲಿಸದೆ ರಿಜಿಸ್ಟರ್ ಕೀಲಿ ಮಾತ್ರ ಒತ್ತಿ. ತಂಬೂರಿಯ ಪಂಚಮದಲ್ಲಿ ಅದು ಕರಗಿದರೆ ಕೊಳವೆ ಕೊರೆದವನ ಕೈ ಸರಿಯಾಗಿತ್ತು. ಕರಗದಿದ್ದರೆ ಯಾವ ರಿಪೇರಿಯವನೂ ಅದನ್ನು ತಿದ್ದಲಾರ, ವಾಪಸು ಕೊಟ್ಟುಬಿಡಿ.

ತಿದ್ದಬಹುದಾದವು ಬೇರೆ ಇವೆ. ಪ್ಯಾಡ್ ಹರಿದಿದ್ದರೆ, ಕಾರ್ಕ್ ಉದುರಿದ್ದರೆ, ಸ್ಪ್ರಿಂಗ್ ಸಡಿಲಾಗಿದ್ದರೆ ಹೆದರಬೇಡಿ, ಬೆಲೆ ಇಳಿಸಲು ಅವು ಅನುಕೂಲ. ಮೇಲಿನ ತುಂಡಿನ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ, ಕೆಳತುದಿಯನ್ನು ಅಂಗೈಯಿಂದ ಒತ್ತಿ ಗಾಳಿ ಎಳೆಯಿರಿ, ಒಂದೆರಡು ಕ್ಷಣ ಬಿಗಿ ಹಿಡಿದರೆ ಪ್ಯಾಡ್ ಗಟ್ಟಿ. ಬಿರುಕು ಮಾತ್ರ ಬೆಳಕಿಗೆ ಹಿಡಿದು ನೋಡಬೇಕು, ಅದರಲ್ಲೂ ಮೇಲಿನ ತುಂಡಿನ ಸಣ್ಣ ಕೀಲಿಗಳ ರಂಧ್ರಗಳ ಸುತ್ತ.

ಬಿಸಿಲು, ಮೌತ್‌ಪೀಸು, ಖರ್ಚಿನ ಹಂಚಿಕೆ

ಸೊಲ್ಲಾಪುರದ ಮೇ ತಿಂಗಳು 44 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಒಳಗೆ ಉಸಿರಿನ ತೇವ, ಹೊರಗೆ ಒಣ ಬಿಸಿಲು ಸೇರಿದರೆ ಎಂಥ ಗ್ರೆನಡಿಲ್ಲಾ ಆದರೂ ಸೀಳುತ್ತದೆ. ಅಕ್ಕಲಕೋಟೆಯ ಪಾಲಕಿ, ಮದುವೆಯ ಬರಾತಿಗೆಂದು ಬಿಸಿಲಲ್ಲಿ ನಿಂತು ನುಡಿಸುವವರು ಎಬೊನೈಟ್ ಅಥವಾ ಪ್ಲಾಸ್ಟಿಕ್ಕಿನದನ್ನೇ ಬಳಸಲಿ, ಅದರಲ್ಲಿ ಕೀಳರಿಮೆ ಏನೂ ಬೇಕಿಲ್ಲ. ಮರದ್ದು ಕೊಂಡವರು ಮೊದಲ ಕೆಲವು ವಾರ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಊದದಿರಲಿ, ನುಡಿಸಿದ ಕೂಡಲೇ ಒಳಗೆ ಬಟ್ಟೆ ಎಳೆಯಲಿ.

ಮೌತ್‌ಪೀಸಿನ ವಿಷಯದಲ್ಲಿ ಜಿಪುಣತನ ಸಲ್ಲದು. ವಾದ್ಯದ ಜೊತೆ ಬಿಟ್ಟಿ ಬಂದದ್ದನ್ನು ತೆಗೆದು 1905ರಿಂದ ನಡೆದುಬಂದ ಪ್ಯಾರಿಸ್‌ನ ವ್ಯಾಂಡೋರೆನ್‌ನಂಥವರದೊಂದನ್ನು ಹಾಕಿದರೆ ಸಾಧಾರಣ ವಾದ್ಯವೂ ಬಾಯಿಬಿಟ್ಟು ಮಾತಾಡುತ್ತದೆ. ಅವರ ಬಿ45ರಲ್ಲಿ ರೀಡಿಗೂ ತುದಿಗೂ ನಡುವಿನ ಸಂದು ಸುಮಾರು 1.2 ಮಿಲಿಮೀಟರ್, 5ಆರ್‌ವಿ ಲೈರ್‌ನಲ್ಲಿ 1.1ರ ಹತ್ತಿರ. ಸಂದು ಹೆಚ್ಚಿದ್ದಷ್ಟೂ ತುಟಿಯಿಂದ ಸ್ವರ ಬಾಗಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ಮೀಂಡಿನ ಆಸೆಯವರು ಮೊದಲನೆಯದನ್ನೇ ಎರಡೂವರೆ ನಂಬರಿನ ರೀಡಿನೊಂದಿಗೆ ಊದಿ ನೋಡಲಿ. ಒಂದು ಎಚ್ಚರಿಕೆ: ಹಳೆಯ ಆಲ್ಬರ್ಟ್ ವಾದ್ಯಕ್ಕೆ ಹೊಸ ಮೌತ್‌ಪೀಸು ಕೂತರೂ ಶ್ರುತಿ ಕೆಡಬಹುದು, ಎರಡನ್ನೂ ಜೋಡಿಸಿಯೇ ಪರೀಕ್ಷಿಸಬೇಕು.

ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಮುಂಬೈಗೆ ಹೋದರೆ ಅಂಗಡಿಗಳಲ್ಲಿ ಮೌತ್‌ಪೀಸು, ರೀಡು ಊದಿ ನೋಡುವುದಾಗುತ್ತದೆ. ಮಿರಜ್ ಹತ್ತಿರವಾದರೂ ಅದು ಸಿತಾರು, ತಂಬೂರಿಗಳ ಊರು, ಈ ಕೆಲಸಕ್ಕೆ ಆಗುವುದಿಲ್ಲ. ಇನ್ನು ದುಡ್ಡಿನ ಮಾತು. ಕನಿಷ್ಠ ಐದು ವರ್ಷ ಗುರುಗಳಲ್ಲಿ ಕಲಿತ, 18ರಿಂದ 25 ವಯಸ್ಸಿನವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಉಂಟು, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಮೊದಲ ವರ್ಷದ 60,000ವನ್ನು ನಾನು ಹೀಗೆ ಹಂಚುತ್ತೇನೆ: ಹಳೆಯ ವಾದ್ಯಕ್ಕೆ ಅರ್ಧಕ್ಕಿಂತ ತುಸು ಹೆಚ್ಚು, ಮೌತ್‌ಪೀಸಿಗೆ ಹತ್ತು–ಹನ್ನೆರಡು ಸಾವಿರ, ಉಳಿದದ್ದು ಪ್ಯಾಡು, ರಿಪೇರಿ, ರೀಡಿನ ಡಬ್ಬಿಗಳಿಗೆ. ದುಡ್ಡು ಕೈದಾಟುವ ಮುನ್ನ ಊರಿನ ಬ್ಯಾಂಡಿನ ಹಿರಿಯ ಕ್ಲಾರಿಯೋನೆಟ್ಟಿನವರೊಬ್ಬರನ್ನು ‘ಕಾಕಾ, ಸ್ವಲ್ಪ ಊದಿ ನೋಡ್ರಿ’ ಎಂದು ಕರೆದುಕೊಂಡು ಹೋಗಬೇಕು. ವಾದ್ಯ ಅವರ ಕೈಯಲ್ಲಿ ಹಾಡಿ, ಹುಡುಗನ ಕೈಯಲ್ಲಿ ಹಾಡದಿದ್ದರೆ ಕೊಳ್ಳಲಿ. ಅವರ ಕೈಯಲ್ಲೇ ಹಾಡದಿದ್ದರೆ ಬಿಟ್ಟು ಬರಲಿ.